ಮಹಡಿ ಬಚ್ಚಲಿನ ನೀರು ಅಡುಗೆಮನೆ ಸೀಲಿಂಗ್‌ಗೆ: ಟೈಲ್ಸ್ ಒಡೆಯೋಕೆ ಮುಂಚೆ ಪತ್ತೆ ಹೇಗೆ?

ಕುವೆಂಪುನಗರ_ಮನೆ:
ಮೈಸೂರಲ್ಲಿ 1984ರಲ್ಲಿ ಅಪ್ಪ ಕಟ್ಟಿಸಿದ ಮನೆ. ಮಹಡಿ ಬಚ್ಚಲಿನ ಕೆಳಗೇ ಅಡುಗೆಮನೆ. ಸೀಲಿಂಗ್‌ನಲ್ಲಿ ಒಂದೂವರೆ ಅಡಿ ಅಗಲ ತೇವ, ಸುತ್ತ ಬಿಳಿ ಉಪ್ಪು, ಸುಣ್ಣ ಹಪ್ಪಳದ ಹಾಗೆ ಏಳ್ತಿದೆ. ಗೋಡೆಯೊಳಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು. ಒಬ್ಬ ಮೇಸ್ತ್ರಿ ಕೆಮಿಕಲ್ ಸುರಿದ್ರೆ ಸಾಕು ಅಂತಾರೆ, ಇನ್ನೊಬ್ರು ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸೋಣ ಅಂತಾರೆ. ರಾತ್ರಿಯೆಲ್ಲಾ ಗೇಟ್ ವಾಲ್ವ್ ಬಂದ್ ಮಾಡಿದ್ರೂ ತೇವ ಹಾಗೇ ಇತ್ತು. ಅಂದ್ರೆ ಪೈಪ್ ಸರಿ ಇದೆ ಅಂತಾನಾ?

ವಾಟ_ಮೇಸ್ತ್ರಿ:
ಹಾಗೆ ಹೇಳೋಕಾಗಲ್ಲ ಸರ್. ಆ ಕಾಲದ ಬಚ್ಚಲುಗಳಲ್ಲಿ ಸ್ಲ್ಯಾಬನ್ನ ಸುಮಾರು ಒಂದಡಿ ಇಳಿಸಿ ಇಟ್ಟಿಗೆ ಚೂರು ತುಂಬಿರ್ತಾರೆ. ಅದು ನೀರು ಕುಡಿದು ಕೂತಿರುತ್ತೆ. ಸೋರಿಕೆ ನಿಂತ ಮೇಲೂ ಎಷ್ಟೋ ದಿನ ಕೆಳಗೆ ಜಿನುಗ್ತಾ ಇರುತ್ತೆ. ಟ್ಯಾಂಕಿಗೆ ಗೆರೆ ಹಾಕಿ ನೋಡಿದ್ರೂ ಅಷ್ಟಕ್ಕಷ್ಟೆ. ಸಾವಿರ ಲೀಟರ್ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ಹತ್ತಿರ ಹತ್ತಿರ ಹತ್ತು ಲೀಟರ್, ಹನಿ ಸೋರಿಕೆ ಕಣ್ಣಿಗೇ ಬೀಳಲ್ಲ.

ಪ್ಲಂಬರ್ ಹತ್ರ ಪ್ರೆಷರ್ ಟೆಸ್ಟ್ ಪಂಪ್ ಇರುತ್ತೆ. ಎಲ್ಲಾ ನಲ್ಲಿ, ಆಂಗಲ್ ಕಾಕ್ ಬಂದ್ ಮಾಡಿಸಿ ಕಟ್ಟಿಸಿ. ಹಳೇ ಜಿಐ, ಒತ್ತಡ ಎರಡು ಕೆಜಿ ದಾಟಿಸಬೇಡಿ. ಪಂಪಿನ ಮೀಟರ್ ಮುಳ್ಳು ಇಳಿದ್ರೆ ಸೋರ್ತಿರೋದು ಪೈಪು.

ಇಳಿಯದಿದ್ರೆ ನೆಲ ನೋಡಿ. ನಹನಿ ಟ್ರ್ಯಾಪ್ (ನೆಲದಲ್ಲಿ ನೀರು ಹೊರಹೋಗೋ ಜಾಲರಿ ಕಿಂಡಿ) ಸುತ್ತ ಜೇಡಿಮಣ್ಣಿನ ಪುಟ್ಟ ಕಟ್ಟೆ ಕಟ್ಟಿ, ಆಚೆ ಒಂದಿಂಚು ನೀರು ನಿಲ್ಲಿಸಿ, ಒಂದಿಡೀ ದಿನ ಬಿಡಿ. ಪಕ್ಕದಲ್ಲಿ ಒಂದು ಬೇಸಿನ್‌ನಲ್ಲೂ ನೀರಿಡಿ, ಆವಿಯಾಗಿದ್ದು ಎಷ್ಟು ಅಂತ ಗೊತ್ತಾಗುತ್ತೆ. ಆಮೇಲೆ ಕಟ್ಟೆ ಒಳಗೆ, ಟ್ರ್ಯಾಪಿಗೆ ಮಾತ್ರ, ಬಕೆಟ್‌ಗಟ್ಟಲೆ ನೀರು ಸುರೀರಿ. ಎರಡೂ ಒಂದೇ ದಿನ ಮಾಡಿದ್ರೆ ಏನೂ ಗೊತ್ತಾಗಲ್ಲ.

ಕುವೆಂಪುನಗರ_ಮನೆ:
ಮುಳ್ಳು ಅಲ್ಲಾಡಲಿಲ್ಲ. ಕಟ್ಟೆ ಆಚೆಯ ನೀರೂ ಬೇಸಿನ್ನಿನಷ್ಟೇ ಇಳೀತು. ಟ್ರ್ಯಾಪಿಗೆ ಸುರಿದ ಸಂಜೆಗೇ ಕೆಳಗಿನ ತೇವ ಅಗಲ ಆಯ್ತು!

ವಾಟ_ಮೇಸ್ತ್ರಿ:
ಸಿಕ್ತು ಬಿಡಿ. ಟ್ರ್ಯಾಪೂ ಬೀಡು (ಎರಕದ ಕಬ್ಬಿಣ) ಪೈಪೂ ಸೇರೋ ಕಡೆ ಸಿಮೆಂಟ್ ಜಾಯಿಂಟ್ ಬಿಟ್ಟಿದೆ. ಕೆಮಿಕಲ್ ಮೇಲಿನ ಸಂದಿಗೆ ಮಾತ್ರ, ಅಲ್ಲಿಗೆ ತಲುಪಲ್ಲ. ಟೈಲ್ಸ್ ಮೇಲೆ ಟೈಲ್ಸ್ ಅನ್ನೋರನ್ನ ಕಾಫಿ ಕೊಟ್ಟು ಕಳಿಸಿ.

ಟ್ರ್ಯಾಪ್ ಸುತ್ತ ಎರಡಡಿ ಒಡೆಸಿ. ಹೊಸ ಪಿವಿಸಿ ಟ್ರ್ಯಾಪನ್ನ ಬೀಡು ಪೈಪಿಗೆ ರಬ್ಬರ್ ಕಪ್ಲಿಂಗಲ್ಲೇ ಸೇರಿಸಲಿ. ಬರೀ ಸಿಮೆಂಟ್ ಮೆತ್ತಿದ್ರೆ ಮತ್ತೆ ಬಿಡುತ್ತೆ. ಅಗೆದಾಗ ಇಟ್ಟಿಗೆ ಚೂರು ಪೂರ್ತಿ ಒದ್ದೆ ಇದ್ರೆ ಮಾತ್ರ ಎಲ್ಲಾ ತೆಗೆಸೋದು, ಸ್ಲ್ಯಾಬಿಗೆ ಎರಡು ಕೋಟ್ ವಾಟರ್‌ಪ್ರೂಫಿಂಗ್, ಗೋಡೆ ಮೇಲೂ ಒಂದಡಿ.

ಹಂಡೆಒಲೆ:
ಅಷ್ಟು ತೆಗೆಸೋದಾದ್ರೆ ಜಿಐ ಕಿತ್ತು ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಹಾಕಿಸಿಬಿಡಿ, ನಲವತ್ತು ವರ್ಷದ ಪೈಪು. ನಮ್ಮದರಲ್ಲಿ ಇಳಿಸಿದ ಸ್ಲ್ಯಾಬಿನ ತಳದಿಂದ ಹೊರಗೋಡೆಗೆ ಸಣ್ಣ ಪೈಪೂ ಬಿಡಿಸಿದೀವಿ. ಒಳಗೆ ಸೋರಿದ್ರೆ ಸೀಲಿಂಗ್‌ಗಿಂತ ಮೊದಲು ಅಲ್ಲಿ ತೊಟ್ಟಿಕ್ಕುತ್ತೆ.

ಕುವೆಂಪುನಗರ_ಮನೆ:
ಅಡುಗೆಮನೆ ಸೀಲಿಂಗ್ ಈಗಲೇ ಗಾರೆ ಮಾಡಿಸ್ಲಾ?

ವಾಟ_ಮೇಸ್ತ್ರಿ:
ಬೇಡ, ಪೂರ್ತಿ ಒಣಗಲಿ. ಸಡಿಲ ಚಕ್ಕೆ ಮಾತ್ರ ಉದುರಿಸಿ ಸ್ಲ್ಯಾಬಿನೊಳಗಿನ ಕಂಬಿ ನೋಡಿ. ಮೇಲ್ಮೇಲೆ ತುಕ್ಕಾದ್ರೆ ಉಜ್ಜಿ, ತುಕ್ಕು ತಡೆಯೋ ಕೋಟಿಂಗ್ ಸಾಕು. ಪದರ ಪದರ ಏಳ್ತಿದ್ರೆ ಒಬ್ಬ ಇಂಜಿನಿಯರ್‌ಗೆ ತೋರಿಸಿ. ಮೇಲೆ ಟೈಲ್ಸ್ ಹಾಕೋಕೆ ಮುಂಚೆ 48 ಗಂಟೆ ನೀರು ನಿಲ್ಲಿಸಿ ನೋಡಿ, ಆಮೇಲೇ ಮೇಸ್ತ್ರಿಗೆ ಬಾಕಿ ದುಡ್ಡು.