ಎಂಟನೇ ಕ್ಲಾಸಿನ ಮಕ್ಕಳ ಕೈಗೆ ಯಾವ ಕತೆ ಕೊಡೋದು?

ಸೋಮವಾರಪೇಟೆ ಕಡೆಯ ಟೀಚರ್ ಒಬ್ಬರು ಕೇಳಿದ್ದಾರೆ: "ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ರಾಜಕುಮಾರಿ ಕತೆ ಬೇಡವಂತೆ, ಅದು ಚಿಕ್ಕವರದ್ದಂತೆ. ದೊಡ್ಡವರ ಕಾದಂಬರಿ ಕೊಟ್ಟರೆ ಮಾರನೇ ದಿನವೇ ವಾಪಸ್. ಅವರ ವಯಸ್ಸಿಗೆ ಹೊಂದುವ, ನಿಜವಾದ ಬದುಕಿನ ಕತೆ ಯಾವುದಿದೆ? ಓದಿಸಿ ನೋಡಿದವರು ಹೇಳಿ."

ಮೇಡಂ, ನಾನು ಗೋಣಿಕೊಪ್ಪದ ಹತ್ತಿರ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಮಕ್ಕಳ ಜೊತೆ ಕೆಲಸ ಮಾಡಿದ್ದನ್ನು ಹೇಳುತ್ತೇನೆ.

ಮೊದಲು 'ತೊತ್ತೋಚಾನ್' ತರಿಸಿ. ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮದೇ ಬಾಲ್ಯವನ್ನು ಬರೆದು 1981ರಲ್ಲಿ ಪ್ರಕಟಿಸಿದ ಪುಸ್ತಕ, ಕನ್ನಡಕ್ಕೂ ಬಂದಿದೆ. ಹುಡುಗಿ ಚಿಕ್ಕವಳು ನಿಜ, ಆದರೆ ನಮ್ಮ ದೊಡ್ಡ ಹುಡುಗರೂ ಕಿವಿಗೊಟ್ಟು ಕೇಳಿದರು. ಅದರಲ್ಲಿ ಅವಳ ಪರ್ಸು ಕಕ್ಕಸಿನ ಗುಂಡಿಗೆ ಬೀಳುತ್ತದೆ. ಉದ್ದ ಹಿಡಿಯ ಸೌಟು ತಂದು ಗುಂಡಿಯೊಳಗಿನದ್ದನ್ನೆಲ್ಲ ಎತ್ತಿ ಪಕ್ಕದಲ್ಲಿ ರಾಶಿ ಹಾಕುತ್ತಾಳೆ. ಹೆಡ್‌ಮಾಸ್ಟರ್ ಆ ದಾರಿಯಲ್ಲೇ ಬರುತ್ತಾರೆ. ಏನು ಮಾಡ್ತಿದ್ದೀಯ ಅಂತ ಕೇಳುತ್ತಾರೆ. ಮುಗಿದ ಮೇಲೆ ಎಲ್ಲ ವಾಪಸ್ ಹಾಕ್ತೀಯ ತಾನೆ ಅಂದು ಹೊರಟುಹೋಗುತ್ತಾರೆ. ಅಷ್ಟೇ. ಬೈಗುಳ ಇಲ್ಲ, ಬುದ್ಧಿವಾದ ಇಲ್ಲ. ಪರ್ಸು ಕೊನೆಗೂ ಸಿಗುವುದಿಲ್ಲ, ಅವಳು ರಾಶಿಯನ್ನು ವಾಪಸ್ ಗುಂಡಿಗೆ ಹಾಕುತ್ತಾಳೆ. ನಾನು ಓದಿ ನಿಲ್ಲಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ಹೊಡೀಲೇ ಇಲ್ವಾ?" ಅಂದ. ಅವತ್ತು ಆ ಮಾತಿನ ಮೇಲೇ ಪೀರಿಯಡ್ ಮುಗಿಯಿತು.

ಈ ವಯಸ್ಸಿನವರು ಪುಸ್ತಕದಲ್ಲಿ ಹುಡುಕುವುದು ಇದನ್ನೇ ಅಂತ ನನ್ನ ನಂಬಿಕೆ. ದೊಡ್ಡವರು ಹೇಗೆ ನಡೆದುಕೊಳ್ಳುತ್ತಾರೆ, ಕತೆ ತಮಗೆ ಸುಳ್ಳು ಹೇಳುತ್ತಿದೆಯಾ ಅಂತ ನೋಡುತ್ತಾರೆ. ಕೊನೆಯಲ್ಲಿ ಎಲ್ಲ ಸರಿಹೋಯಿತು ಅಂದರೆ ನಂಬುವುದಿಲ್ಲ. ತೊತ್ತೋಚಾನ್‌ಳ ಆ ಒಳ್ಳೆಯ ಶಾಲೆಯೂ 1945ರಲ್ಲಿ ಬಾಂಬ್ ಬಿದ್ದು ಸುಟ್ಟುಹೋಗುತ್ತದೆ. ಅದನ್ನು ಮುಚ್ಚಿಡಬೇಡಿ. ಆರ್.ಕೆ. ನಾರಾಯಣ್ ಅವರ ಸ್ವಾಮಿಯನ್ನು ಮಕ್ಕಳು 'ಮಾಲ್ಗುಡಿ ಡೇಸ್' ಧಾರಾವಾಹಿಯಿಂದ ಬಲ್ಲರು. 1935ರ ಮೂಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್'ನ ಕೊನೆಯನ್ನು ಹೇಳಿ. ಮುನಿಸಿಕೊಂಡ ಗೆಳೆಯ ರಾಜಂ ರೈಲಿನಲ್ಲಿ ಊರು ಬಿಡುತ್ತಾನೆ. ಸ್ವಾಮಿ ಅವನಿಗೊಂದು ಪುಸ್ತಕ ಕೊಡಲು ಓಡುತ್ತಾನೆ. ರಾಜಂ ಕ್ಷಮಿಸಿದನಾ ಇಲ್ಲವಾ, ಸ್ವಾಮಿಗೂ ಗೊತ್ತಾಗುವುದಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ತೋಟದ ಕೂಲಿಯವರ ಲೈನ್ ಮನೆ ಬಿಟ್ಟು ಹೋಗುವ ಗೆಳೆಯರನ್ನು ನಮ್ಮ ಮಕ್ಕಳು ಪ್ರತಿ ವರ್ಷ ನೋಡುತ್ತಾರೆ. ಅವರಿಗೆ ಈ ಕೊನೆ ಅರ್ಥ ಮಾಡಿಸಬೇಕಾಗಿಲ್ಲ.

ಓದೋಕೇ ಒಲ್ಲದ ಹುಡುಗರಿದ್ದರೆ ತೇಜಸ್ವಿಯವರ 'ಪರಿಸರದ ಕತೆ'. ಬೆಳೆಯುವ ವಯಸ್ಸಿನ ಕತೆ ಅಂತ ಅದನ್ನು ಕರೆಯಲಾಗದು, ಆದರೆ ಬಿಡಿ ಬಿಡಿ ಕತೆಗಳು, ಕಾಡು, ನಾಯಿ, ತೋಟ, ಎಲ್ಲ ಪರಿಚಯದ್ದೇ.

ಹೆಣ್ಣುಮಕ್ಕಳಿಗೆ ನಮ್ಮ ಕತೆಗಾರ್ತಿ ಕೊಡಗಿನ ಗೌರಮ್ಮನವರನ್ನು ಖಂಡಿತ ಪರಿಚಯಿಸಿ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು, 1939ರಲ್ಲಿ ಈಜಲು ಹೋಗಿ ಸುಳಿಗೆ ಸಿಕ್ಕಿ ತೀರಿಕೊಂಡರು. ನಾನು ಕತೆಗಿಂತ ಮೊದಲು ಅವರ ಬದುಕನ್ನೇ ಹೇಳುತ್ತೇನೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತರು. ಗಾಂಧೀಜಿ ಬಂದರು, ಇವರು ಮೈಮೇಲಿನ ಒಡವೆ ಕೊಟ್ಟರು. ಇಷ್ಟು ಕೇಳಿದ ಮೇಲೆ ಅವರ ಕಥಾಸಂಕಲನ 'ಕಂಬನಿ'ಯ ಒಂದು ಕತೆ ಓದಿದರೆ ಚರ್ಚೆ ತಾನಾಗೇ ಹತ್ತಿಕೊಳ್ಳುತ್ತದೆ. ಕನ್ನಡ ಸ್ವಲ್ಪ ಹಳೆಯದು, ಹಾಗಾಗಿ ಒಂಬತ್ತನೇ ಕ್ಲಾಸಿಗೆ ಇನ್ನೂ ಚೆನ್ನ.

ಇನ್ನೊಂದು ಮಾತು. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳದವರು, ಎರವ ಬುಡಕಟ್ಟಿನ ಮಕ್ಕಳು ಎಲ್ಲ ಇದ್ದಾರೆ. ಎಷ್ಟೋ ಜನಕ್ಕೆ ಕನ್ನಡ ಶಾಲೆಯ ಭಾಷೆ ಮಾತ್ರ. ಸುಮ್ನೆ ದಪ್ಪ ಪುಸ್ತಕ ಕೈಗಿಟ್ಟರೆ ಹೆದರುತ್ತಾರೆ. ನೀವೇ ಜೋರಾಗಿ ಓದಿ, ಸರಿಯಾದ ಜಾಗದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಹೋಗಿ. ಸಾರಾಂಶ ಬರೆಸಬೇಡಿ, ನೀತಿ ಏನು ಅಂತ ದಯವಿಟ್ಟು ಕೇಳಬೇಡಿ. ಜುಲೈನ ಮಳೆ ರಜೆಗೆ ಮೊದಲೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮನೆಗೆ ಕಳಿಸಿ. ಕರೆಂಟ್ ಇಲ್ಲದ ಹಗಲುಗಳಲ್ಲಿ ಮೊಬೈಲ್ ಸತ್ತಿರುತ್ತೆ, ಪುಸ್ತಕ ಓದುತ್ತಾರೆ.

ಮಡಿಕೇರಿ ಕಡೆಯ ಸಹೋದ್ಯೋಗಿಯೊಬ್ಬರು ಹೇಳಿದ್ದನ್ನೂ ಸೇರಿಸುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡ ಮಕ್ಕಳು ಅವರ ಕ್ಲಾಸಿನಲ್ಲಿದ್ದರು. ಸಾವು ನೋವಿನ ಕತೆಗಳನ್ನು ಅವರು ಕ್ಲಾಸಿನಲ್ಲಿ ಓದಿಸಲಿಲ್ಲ, ಕಪಾಟಿನಲ್ಲಿ ಕೈಗೆಟುಕುವ ಹಾಗೆ ಇಟ್ಟರು. ಬೇಕಾದವರು ತಾವೇ ತೆಗೆದುಕೊಂಡರು. ಈ ಕ್ರಮ ನನಗೆ ತುಂಬಾ ಸರಿ ಅನಿಸಿತು.

ತೊತ್ತೋಚಾನ್ ನಮ್ಮಲ್ಲಿ ಒಂದು ಪ್ರತಿ ಜಾಸ್ತಿ ಇದೆ ಮೇಡಂ. ಮಡಿಕೇರಿಗೆ ಹೋಗುವವರ ಕೈಲಿ ಕಳಿಸುತ್ತೇನೆ, ಅಲ್ಲಿಂದ ತರಿಸಿಕೊಳ್ಳಿ. ಪರ್ಸಿನ ಭಾಗದಿಂದಲೇ ಶುರು ಮಾಡಿ.