ಸಹಾಯ ಬೇಕು: ಸ್ಪ್ರಿಂಗ್ ಬೂಟಲ್ಲಿ ಖಾಲಿ ಲಿಸ್ಟೂ ಕ್ಯಾಶ್ ಆಗ್ತಿದೆ

ಗೆಳೆಯರೇ, ಸ್ವಲ್ಪ ಹೆಲ್ಪ್ ಮಾಡಿ. ಸ್ಪ್ರಿಂಗ್ ಬೂಟ್ (ಜಾವಾ ಫ್ರೇಮ್‌ವರ್ಕ್) ಪ್ರಾಜೆಕ್ಟ್ ಇದು. ಸರ್ಚ್ ಮೆಥಡ್‌ಗೆ ಕ್ಯಾಶೆಬಲ್ (ರಿಸಲ್ಟನ್ನ ಕ್ಯಾಶಲ್ಲಿ ಇಟ್ಕೊಳ್ಳೋ ಅನೋಟೇಶನ್) ಹಾಕಿದೀನಿ, ಹಿಂದೆ ಕ್ಯಾಶ್ ಇಡೋಕೆ ರೆಡಿಸ್ ಸ್ಟೋರ್, ಟಿಟಿಎಲ್ (ಕ್ಯಾಶಲ್ಲಿ ಉಳಿಯೋ ಅವಧಿ) 1 ಗಂಟೆ. ಬೆಳಿಗ್ಗೆ ಡೇಟಾ ಲೋಡ್ ಆಗೋಕ್ಕೆ ಮುಂಚೆ ಯಾರೋ ಒಬ್ರು ಹುಡುಕಿದ್ರೆ ಸಾಕು, ಖಾಲಿ ಲಿಸ್ಟ್ ಕ್ಯಾಶಲ್ಲಿ ಕೂತ್ಬಿಡುತ್ತೆ, ಆಮೇಲೆ ಟೇಬಲ್ ತುಂಬಿದ್ರೂ ಆ ಒಂದು ಗಂಟೆ ಮುಗಿಯೋ ತನಕ ಎಲ್ರಿಗೂ ‘ಏನೂ ಸಿಗಲಿಲ್ಲ’ ಅಂತಾನೇ ತೋರಿಸ್ತಿರುತ್ತೆ. ಮೊದ್ಲು ಕ್ಯಾಶೆಬಲ್‌ನ ಕಂಡಿಷನ್‌ನಲ್ಲಿ ರಿಸಲ್ಟ್ ಚೆಕ್ ಮಾಡಕ್ಕೆ ಹೋಗಿ ಪೆದ್ದನಾದೆ, ಅದು ಮೆಥಡ್ ಓಡೋಕ್ಕೆ ಮುಂಚೇನೇ ನೋಡೋದು. ಆಮೇಲೆ ಅನ್‌ಲೆಸ್‌ನಲ್ಲಿ (ಇದು ಮೆಥಡ್ ಓಡಿದ್ಮೇಲೆ ನೋಡುತ್ತೆ, ನಿಜ ಆದ್ರೆ ಕ್ಯಾಶ್ ಮಾಡಲ್ಲ) ನಲ್ ಚೆಕ್, ಅಂದ್ರೆ ವ್ಯಾಲ್ಯೂನೇ ಇಲ್ವಾ ಅನ್ನೋ ಚೆಕ್ ಹಾಕ್ದೆ, ಖಾಲಿ ಲಿಸ್ಟ್ ನಲ್ ಅಲ್ವಲ್ಲ! ಜೊತೆಗೆ ಈಸ್‌ಎಂಪ್ಟಿ (ಲಿಸ್ಟ್ ಖಾಲಿನಾ ಅನ್ನೋ ಚೆಕ್) ಸೇರಿಸಿದ್ಮೇಲೆ ಸರಿಹೋಯ್ತು.

ಈಗಿನ ತಲೆನೋವು, ಇನ್ನೊಂದು ಮೆಥಡ್ ಆಪ್ಷನಲ್ (ಒಳಗೆ ಆಬ್ಜೆಕ್ಟ್ ಇರಬಹುದು, ಇಲ್ದೇನೂ ಇರಬಹುದು ಅನ್ನೋ ಡಬ್ಬಿ) ಕೊಡುತ್ತೆ, ಅಲ್ಲಿ ಇದೇ ಹಾಕಿದ್ರೆ ಈಸ್‌ಎಂಪ್ಟಿ ಮೆಥಡ್ಡೇ ಇಲ್ಲ ಅಂತ ಎರರ್. ಅಲ್ಲಿ ರಿಸಲ್ಟ್ ಅಂದ್ರೆ ಆಪ್ಷನಲ್ ಬಿಚ್ಚಿ ಒಳಗಿರೋ ಆಬ್ಜೆಕ್ಟಾ? ಬರೀ ನಲ್ ಚೆಕ್ ಸಾಕಾ? ಮೂವತ್ತು ಮೆಥಡ್‌ಗೂ ಬರೀದೆ ಒಂದೇ ಕಡೆ ಮಾಡೋ ದಾರಿ ಇದ್ರೆ ಹೇಳಿ, ಪ್ಲೀಸ್.