ಮಳೆಗಾಲದಲ್ಲಿ ಕಂಪ್ರೆಸರ್ ಆಯಿಲ್ ಬೆಳ್ಳಗಾಗುವುದೇಕೆ?

ಪ್ರಶ್ನೆ (ಕುಮಟಾ): ನಮ್ಮ ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಯಂತ್ರಗಳಿಗೆ ಗಾಳಿ ಒದಗಿಸುವ 20 ಎಚ್.ಪಿ. ಸ್ಕ್ರೂ ಕಂಪ್ರೆಸರ್ 7 ಬಾರ್ ಒತ್ತಡದಲ್ಲಿ ನಡೆಯುತ್ತದೆ. ಜೂನ್ ಬಂತೆಂದರೆ ಸೈಟ್ ಗ್ಲಾಸಿನಲ್ಲಿ ಆಯಿಲ್ ಮಜ್ಜಿಗೆಯಂತೆ ಕಾಣುತ್ತದೆ; ಬದಲಿಸಿದರೂ ಕೆಲವೇ ವಾರಗಳಲ್ಲಿ ಮತ್ತದೇ ಸ್ಥಿತಿ. ಲಾರಿಗೆ ಹಾಕುವ 20ಡಬ್ಲ್ಯು-40 ಎಂಜಿನ್ ಆಯಿಲ್ ಹಾಕಿ ನೋಡಿ ಎನ್ನುತ್ತಾರೆ ಮೆಕ್ಯಾನಿಕ್. ಹಾಕಬಹುದೇ ಸರ್?

ಉತ್ತರ: ದಯವಿಟ್ಟು ಹಾಕಬೇಡಿ. ಆಯಿಲ್ ಮಜ್ಜಿಗೆಯಂತಾಗುವುದು ಅದರಲ್ಲಿ ನೀರು ಬೆರೆತಾಗ. ಎಂಜಿನ್ ಆಯಿಲಿನಲ್ಲಿರುವ ಡಿಟರ್ಜೆಂಟ್ ನೀರನ್ನು ತಳಕ್ಕಿಳಿಯಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕಂಪ್ರೆಸರ್ ಆಯಿಲ್ ಮಾಡಬೇಕಾದದ್ದು ಇದರ ತದ್ವಿರುದ್ಧ, ಅಂದರೆ ನೀರನ್ನು ಬೇಗ ಬೇರ್ಪಡಿಸುವುದು. ಅಲ್ಲದೆ ತಮ್ಮಲ್ಲಿ ತಪ್ಪಿರುವುದು ಆಯಿಲ್ ಅಲ್ಲ, ಉಷ್ಣತೆ ಎಂದು ನನ್ನ ಅನುಮಾನ. ಕರಾವಳಿಯ ಮಳೆಗಾಲದಲ್ಲಿ 30 ಡಿಗ್ರಿ ಸೆಲ್ಸಿಯಸ್‌, ಶೇ. 90 ತೇವಾಂಶದ ಗಾಳಿಯನ್ನು 7 ಬಾರ್ ಒತ್ತಡಕ್ಕೆ ಒತ್ತಿದಾಗ, ಅದರಲ್ಲಿರುವ ಆವಿ ಸುಮಾರು 70 ಡಿಗ್ರಿಯಲ್ಲಿಯೇ ನೀರಾಗತೊಡಗುತ್ತದೆ. ಆದ್ದರಿಂದ ಯಂತ್ರದೊಳಗಿನ ಉಷ್ಣತೆ ಅದಕ್ಕಿಂತ ಕೆಳಗಿದ್ದರೆ ಎಂತಹ ದುಬಾರಿ ಆಯಿಲ್ ಹಾಕಿದರೂ ನೀರು ಸೇರದೆ ಇರದು. ಪ್ಯಾನೆಲ್ ಎಷ್ಟು ತೋರಿಸುತ್ತಿದೆ?

ಪ್ರಶ್ನೆ: ಹೆಚ್ಚಿನ ಹೊತ್ತು 62ರಿಂದ 65. ತಣ್ಣಗಿದ್ದಷ್ಟೂ ಒಳ್ಳೆಯದೆಂದು ತಿಳಿದಿದ್ದೆವು.

ಉತ್ತರ: ಹಾಗೆಂದು ಬಹಳ ಮಂದಿ ತಿಳಿಯುತ್ತಾರೆ. 80ರಿಂದ 90 ಡಿಗ್ರಿ ಇದ್ದರೆ ನೀರು ಆವಿಯಾಗಿಯೇ ಗಾಳಿಯೊಂದಿಗೆ ಹೊರಟುಹೋಗುತ್ತದೆ. ಆಯಿಲನ್ನು ಕೂಲರಿಗೆ ತಿರುಗಿಸುವ ಥರ್ಮಲ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆಯೇ ಎಂದು ಮೊದಲು ನೋಡಿಸಿ. ವಾಲ್ವ್ ಸರಿಯಿದ್ದರೆ, ಗಾಳಿಯ ಬಳಕೆ ಕಡಿಮೆಯಾಗಿ ಯಂತ್ರ ಬಹುಪಾಲು ಗಾಳಿಯನ್ನು ಒತ್ತದೆ, ಅಂದರೆ ಅನ್‌ಲೋಡಿನಲ್ಲೇ ಓಡುತ್ತಿರಬೇಕು. ಬೆಳಿಗ್ಗೆ ಚಾಲೂ ಮಾಡುವ ಮೊದಲು, ಒತ್ತಡ ಸೊನ್ನೆಯಾಗಿದೆ ಎಂದು ಗೇಜಿನಲ್ಲಿ ಖಚಿತಪಡಿಸಿಕೊಂಡು, ಆಯಿಲ್ ಟ್ಯಾಂಕಿನ ಡ್ರೇನ್ ವಾಲ್ವನ್ನು ನಿಧಾನವಾಗಿ ತೆರೆಯಿರಿ. ರಾತ್ರಿಯಿಡೀ ತಳಕ್ಕಿಳಿದ ನೀರು ಮೊದಲು ಬರುತ್ತದೆ, ಆಯಿಲ್ ಬರತೊಡಗಿದೊಡನೆ ಮುಚ್ಚಿ. ಹಾಗೆಂದು ಉಷ್ಣತೆಯನ್ನು ವಿಪರೀತ ಏರಿಸುವುದೂ ಸಲ್ಲದು, ಏಕೆಂದರೆ ಪ್ರತಿ 10 ಡಿಗ್ರಿ ಏರಿಕೆಗೆ ಮಿನರಲ್ ಆಯಿಲಿನ ಆಯುಷ್ಯ ಸರಿಸುಮಾರು ಅರ್ಧಕ್ಕಿಳಿಯುತ್ತದೆ.

ತಯಾರಕರ ಕೈಪಿಡಿ ಹೇಳಿದ ದರ್ಜೆಯನ್ನೇ ಬಳಸಿ. ಇಂತಹ ಯಂತ್ರಗಳಿಗೆ ಅದು ಸಾಮಾನ್ಯವಾಗಿ ವಿ.ಜಿ. 46 (ವಿ.ಜಿ. ಎಂದರೆ ಆಯಿಲ್ ಎಷ್ಟು ಮಂದ ಎಂದು ಹೇಳುವ ದರ್ಜೆ) ಇರುತ್ತದೆ. ತಮ್ಮ ಗಾಳಿ ನೇರವಾಗಿ ಗೇರುತಿರುಳಿಗೆ ತಗಲುವುದರಿಂದ, ಆಕಸ್ಮಿಕ ಆಹಾರ ಸಂಪರ್ಕಕ್ಕೆ ಒಪ್ಪಿತವಾದ ಎಚ್1 ದರ್ಜೆಯ ಆಯಿಲ್ ಮತ್ತು ಗಾಳಿಯ ಲೈನಿಗೆ ಒಳ್ಳೆಯ ಫಿಲ್ಟರ್ ಎರಡೂ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಹಳೆಯ ಆಯಿಲಿನ ಮೇಲೆಯೇ ಹೊಸ ಜಾತಿಯದನ್ನು ಸುರಿಯಬಾರದು. ಮಿನರಲ್ ಆಯಿಲಿಗೆ ಪಿ.ಎ.ಜಿ. ಎಂಬ ಸಿಂಥೆಟಿಕ್ ಆಯಿಲ್ ಬೆರೆತರೆ ಜಿಗುಟಾದ ಗಸಿಯಾಗಿ, ಗಾಳಿಯಿಂದ ಆಯಿಲನ್ನು ಬೇರ್ಪಡಿಸುವ ಸೆಪರೇಟರ್ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ (ಕಾರವಾರ): ನಮ್ಮದು ಬೈತಖೋಲ ಬಂದರಿನ ಹತ್ತಿರದ ಐಸ್ ಪ್ಲಾಂಟ್. ಅಮೋನಿಯಾ ಕಂಪ್ರೆಸರಿಗೂ ಇದೇ ಆಯಿಲ್ ನಡೆಯುತ್ತದೆಯೇ?

ಉತ್ತರ: ಇಲ್ಲ. ಅದಕ್ಕೆ ರೆಫ್ರಿಜರೇಷನ್ ಆಯಿಲ್ ಬೇರೆಯೇ ಇದೆ, ಸಾಮಾನ್ಯವಾಗಿ ವಿ.ಜಿ. 68 ಮಿನರಲ್ ಆಯಿಲ್ ಬಳಸುತ್ತಾರೆ. ಅಮೋನಿಯಾ ಈ ಆಯಿಲಿನಲ್ಲಿ ಹೆಚ್ಚು ಕರಗುವುದಿಲ್ಲ, ಮತ್ತು ಆಯಿಲ್ ದ್ರವ ಅಮೋನಿಯಾಕ್ಕಿಂತ ಭಾರವಾದ್ದರಿಂದ ಪಾತ್ರೆಗಳ ತಳದಲ್ಲಿ ನಿಲ್ಲುತ್ತದೆ. ಅದನ್ನು ಆಗಾಗ ತೆಗೆಸಬೇಕು. ಆದರೆ ಆ ಕೆಲಸವನ್ನು ಮುಖವಾಡ, ಕೈಗವಸು ತೊಟ್ಟ ತರಬೇತಾದವರೇ ಮಾಡಲಿ, ಒಬ್ಬರೇ ಮಾಡುವುದು ಬೇಡ.